ಪರ್ತ್‌ನಿಂದ ಸಿಡ್ನಿ, ನಾಲ್ಕು ಫುಲ್

ವಿಜಯಪುರ, ಸ್ಟೇಷನ್ ರೋಡಿನ ಗ್ಯಾರೇಜು.
ಬೆಳಗಿನ ಐದಕ್ಕೆ ಜೀಪು ಕೆಮ್ಮಿತು.
ಹಿಂದಿನ ಮೆಟ್ಟಿಲ ಮೇಲೆ ಯಮನೂರಿ,
ಹೆಗಲಿಗೆ ಚರ್ಮದ ಚೀಲ, ಕಿವಿಗೆ ಪೆನ್ಸಿಲ್ಲು,
ರಿಟೈರಾದ ದಿನ ಡಿಪೋಕ್ಕೆ ಒಪ್ಪಿಸದೆ ಉಳಿಸಿಕೊಂಡ
ಹಳೇ ಟಿಕೆಟ್ ಕಟ್ಟು.
"ಎಲ್ಲಿಗ್ರಿ?"
"ಸಿಡ್ನಿ" ಅಂದ ಗುರುಪಾದ ಮಾಸ್ತರ.
"ಪರ್ತ್‌ನಿಂದ ಸಿಡ್ನಿ, ನಾಲ್ಕು ಫುಲ್. ಚಿಲ್ಲರೆ ಕೊಡ್ರಿ."
"ಕಂಡಕ್ಟರಿಗೂ ಟಿಕೇಟೇನೋ?"
"ನಾನೂ ರಿಟೈರ್ ಆಗೇನಲ್ಲಪಾ."
ಸೀಟಿ ಊದಿದ.

ಹದಿನಾಲ್ಕು ವರ್ಷ ಚೀಟಿ ಹಾಕಿದ್ದೆವು,
ತಿಂಗಳ ಮೊದಲ ಐತವಾರ, ಇದೇ ಗ್ಯಾರೇಜಿನಲ್ಲಿ,
ಗ್ರೀಸ್ ಡಬ್ಬದ ಮೇಲೆ ಮಾಸ್ತರನ ಅಟ್ಲಾಸು ಬಿಚ್ಚಿ.
ಪಡುವಣ ಕಡಲಿಂದ ಮೂಡಣ ಕಡಲಿಗೆ
ಕೆಂಪು ಶಾಯಿಯ ಒಂದೇ ಗೆರೆ,
ನಾಲ್ಕು ಸಾವಿರ ಕಿಲೋಮೀಟರು.
ಲಾಡ್ಲೇಸಾಬ ಎಣ್ಣೆಗೈ ಊರಿ
ಅರ್ಧ ಖಂಡ ಕಪ್ಪು ಮಾಡಿದ್ದ.

ಆ ರೊಕ್ಕ ಎಲ್ಲಿ ಹೋಯಿತೆಂದು
ಜೀಪಿನಲ್ಲಿ ಯಾರೂ ಎತ್ತುವುದಿಲ್ಲ.
ಹೋದ ವರ್ಷ ಬೆಳಗಾವಿ ದವಾಖಾನೆಯಲ್ಲಿ
ಯಮನೂರಿಯ ಎದೆ ಬಿಚ್ಚಿ ಹೊಲಿದರು, ಅಷ್ಟೇ.
"ದೇಶ ಸಿಗಲಿಲ್ಲ ಅಂದ್ರ ಬಿಡ್ರಿ,
ದೂರರೆ ನಮ್ದ ಐತೆಲ್ಲ" ಅಂದವನು ಲಾಡ್ಲೇಸಾಬ.
ಹನ್ನೊಂದು ದಿನ, ಮೂರು ಜಿಲ್ಲೆ,
ತಿರುಗಿದ ದಾರಿಯಲ್ಲೇ ಮತ್ತೆ ತಿರುಗಿ
ಅಷ್ಟೇ ಕಿಲೋಮೀಟರು.
ಮೀಟರಿನ ಮುಳ್ಳು ಸತ್ತು ಎಷ್ಟೋ ಕಾಲ.
ಸ್ಟೇಜಿಗಿಷ್ಟು ಎಂದು ಯಮನೂರಿಯದೇ ಲೆಕ್ಕ.

ತಾಳಿಕೋಟೆ ಕಡೆ ಹೊರಳಿದರೆ ಬರೀ ಎರಿ ಹೊಲ,
ಕಣ್ಣು ಆನಿಸಲು ಒಂದು ಜಾಲಿಯೂ ಇಲ್ಲ.
"ನಲ್ಲರ್ಬೋರ್" ಮಾಸ್ತರ ಕನ್ನಡಕ ಒರೆಸಿದ,
"ಅಂದ್ರ ಗಿಡಾನ ಇಲ್ಲದ್ದು ಅಂತ."
"ಅಲ್ಲಿ ಡೋಣಿ ಹರಿತೈತೇನು?"
"ಇಲ್ಲ."
"ಮತ್ತ ಓಣಿಗೆ ಕಾಳೆಲ್ಲಿಂದು? ಬಡ ದೇಶ ಬಿಡು."
ನೂರಾ ನಲವತ್ತಾರು ಕಿಲೋಮೀಟರು
ಅಲ್ಲಿ ಒಂದೂ ತಿರುವಿಲ್ಲವಂತೆ.
ನಮಗೋ ಹತ್ತು ನಿಮಿಷಕ್ಕೊಂದು ಹಂಪು,
ಒಂದು ಎಮ್ಮೆ, ಒಂದು ಬೀಗರ ಊರು.

ನಡುವೆ ಒಂದು ಕಡೆ ಗಡಿಯಾರ
ಮುಕ್ಕಾಲು ತಾಸು ಮುಂದಿಡಬೇಕು ಅಂದ ಮಾಸ್ತರ.
"ನಮಾಜ್ ಯಾರ ಹೊತ್ತಿಗೋ?" ಕೇಳಿದ ಲಾಡ್ಲೇಸಾಬ.
"ನನ್ನ ಗುಳಿಗಿ?" ಕೇಳಿದ ಯಮನೂರಿ.
ಎಲ್ಲರ ಗಡಿಯಾರವೂ ವಿಜಯಪುರದಲ್ಲೇ ಉಳಿಯಿತು.

ಜಮಖಂಡಿ ದಾಟಿ, ಎದುರಿಗೆ ಎರಡು ಟ್ರೇಲರ್ ಕಟ್ಟಿಕೊಂಡು
ತೇಕುತ್ತ, ಹಾಡುತ್ತ ಕಬ್ಬಿನ ಟ್ರ್ಯಾಕ್ಟರು.
"ರೋಡ್ ಟ್ರೇನ್ ಬಂತು, ಸರೀರಿ!"
ಅದರಿಂದ ನಾಲ್ಕು ಗಣಿಕೆ ಕಿತ್ತವನು ನಾನು.
ಯಡಹಳ್ಳಿ ಕುರುಚಲಲ್ಲಿ ಚಿಂಕಾರವೊಂದು
ಕಿವಿ ಎತ್ತಿ ನೋಡಿ, ಇಲ್ಲವಾಯಿತು.
ಮಾಸ್ತರ ನೋಟ್‌ಬುಕ್ಕಿನಲ್ಲಿ ಬರೆದ: ಕಾಂಗರೂ, ಒಂದು.
ಬಾದಾಮಿಯ ಸಂಜೆ ಮಾತ್ರ
ಕೆಂಪು ಬಂಡೆ ಇನ್ನೂ ಕೆಂಪಗಾಗುತ್ತಿರಲು
ಪೆನ್ನು ತೆಗೆಯಲಿಲ್ಲ ಅವನು.
"ಇದಕ್ಕ ಬ್ಯಾರೆ ಹೆಸರು ಬ್ಯಾಡ."

ಗೋಕಾಕದ ಆಚೆ ಹೊಲದ ಬದುವಿಗೆ ಚಾಪೆ.
ರೊಟ್ಟಿ, ಶೇಂಗಾ ಹಿಂಡಿ, ಕೊನೆಯ ಕರದಂಟು.
ನಡುರಾತ್ರಿ ಮಾಸ್ತರ ಎಬ್ಬಿಸಿದ:
ತೆಂಕಣ ಅಂಚಿಗೆ, ಜೋಳದ ತೆನೆಗೆ ತಾಗಿ,
ನಾಲ್ಕು ಚಿಕ್ಕಿ.
"ಅವರ ಬಾವುಟದಾಗಿನವು. ಅಲ್ಲಿ ನೆತ್ತಿ ಮ್ಯಾಲೆ,
ಇಲ್ಲಿ ನಮಗ ಇಷ್ಟ ಎತ್ತರ."
ಯಮನೂರಿ ಎದ್ದೇ ಇದ್ದ,
ಅಂಗಿಯೊಳಗೆ ಕೈಯಿಟ್ಟು, ಹೊಲಿಗೆಯ ಮೇಲೆ,
ಇಂಜಿನ್ನಿಗೆ ಕಿವಿ ಕೊಟ್ಟಂತೆ.

ಹನ್ನೊಂದನೆಯ ಸಂಜೆ ಆಲಮಟ್ಟಿ.
ಹಿನ್ನೀರಿಗೆ ಆಚೆ ದಂಡೆ ಕಾಣಲಿಲ್ಲ; ಕಡಲೆಂದರೆ ಕಡಲು.
"ಸಿಡ್ನಿ! ಕಡೇ ಸ್ಟಾಪ್ರೀ, ಇಳೀರಿ!"
ಇಳಿಯುವಾಗ ಜೇಬಿನಲ್ಲಿ ಮೆತ್ತಗಾದ
ಟಿಕೇಟು ಯಾಕೋ ಮಗುಚಿದೆ.
ಹಿಂದೆ ಪೆನ್ಸಿಲ್ಲಿನಲ್ಲಿ, ದುಂಡಗೆ:
ಬಾಕಿ ೧,೬೦,೦೦೦.
ಮಾಸ್ತರನೂ ಮಗುಚಿದ್ದ. ಲಾಡ್ಲೇಸಾಬನೂ.
ಮೆಟ್ಟಿಲ ಮೇಲೆ ಯಮನೂರಿ ಚೀಲ ಹಿಡಿದು
ನೀರಿನ ಕಡೆ ನೋಡುತ್ತ ನಿಂತಿದ್ದ,
ಯಾರಾದರೂ ಕೇಳಲಿ ಎಂಬಂತೆ.

ಬಸ್ಸಿನ ಗದ್ದಲದಲ್ಲಿ ಆಗುವುದು ಹೀಗೇ.
ಮೂವರೂ ಚಿಲ್ಲರೆ ಮರೆತು
ಇಳಿದುಬಿಟ್ಟೆವು.